ಚೀಟಿಯಕ್ಕ ಡೀಬಗರ್ ಶುರು ಮಾಡಿದ ವಾರ

ನಮ್ಮ ಮಕ್ಕಳ ಆಸ್ಪತ್ರೆಯಲ್ಲಿ ಬಾಗಿಲಿಗೆ ಎದುರಾಗಿರುವ ಮೇಜು ಚೀಟಿಯಕ್ಕನದು. ಅದರ ಬಲಕ್ಕೆ ಗೋಡೆಯಲ್ಲಿ ಒಂದು ಕಿಟಕಿ. ಆ ಕಿಟಕಿಯ ಹಿಂದೆ ಮಾತ್ರೆ, ಟಾನಿಕ್ಕು ಮತ್ತು ನಾನು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೂತು ನೋಡುತ್ತಿರುವುದರಿಂದ ಅವರ ಮುಖಕ್ಕಿಂತ ಬಲಗಿವಿಯ ಪರಿಚಯವೇ ನನಗೆ ಹೆಚ್ಚು. ಕೋಪ ಬಂದರೆ ಮೊದಲು ಆ ಕಿವಿ ಕೆಂಪಾಗುತ್ತದೆ, ಬಾಯಿ ಆಮೇಲೆ ತೆರೆಯುತ್ತದೆ. ಹಾಗಾಗಿ ತಲೆ ಒಳಗೆಳೆದುಕೊಳ್ಳಲು ನನಗೆ ಯಾವಾಗಲೂ ಸ್ವಲ್ಪ ಸಮಯ ಸಿಗುತ್ತದೆ.

ಬಂದವರಿಗೆಲ್ಲ ನಂಬರಿನ ಚೀಟಿ ಹರಿದು ಕೊಡುತ್ತಿದ್ದುದರಿಂದ ಅವರಿಗೆ ಚೀಟಿಯಕ್ಕ ಎಂಬ ಹೆಸರು ಬಿತ್ತು. ನನಗಿಂತ ಹನ್ನೊಂದು ವರ್ಷ ಚಿಕ್ಕವರು, ಆದರೂ ನನಗೂ ಅಕ್ಕನೇ. ನನ್ನನ್ನು ಎಲ್ಲರೂ ಮಾತ್ರೆಮಾಮ ಎನ್ನುತ್ತಾರೆ, ಅವರೂ ಹಾಗೇ. ಅಕ್ಕನಿಗೆ ನಾನು ಮಾಮ, ಮಾಮನಿಗೆ ಅವರು ಅಕ್ಕ. ಈ ನೆಂಟಸ್ತಿಕೆ ಯಾವ ವಂಶವೃಕ್ಷಕ್ಕೂ ಹೊಂದುವುದಿಲ್ಲ, ನಾವೂ ಹೊಂದಿಸಲು ಹೋಗಿಲ್ಲ.

ಅವರು ಕೆಲಸಕ್ಕೆ ಸೇರಿದಾಗ ಲಸಿಕೆಯ ವಿವರವೆಲ್ಲ ಉದ್ದನೆಯ ರಿಜಿಸ್ಟರುಗಳಲ್ಲಿರುತ್ತಿತ್ತು. ಯಾವ ಮಗುವಿಗೆ ಯಾವ ವಾರ ಯಾವ ಸೂಜಿ ಎಂದು ಕೆಂಪು ಶಾಯಿಯಲ್ಲಿ ಬರೆಯಬೇಕು, ದಿನವೂ ಪುಟ ತಿರುವಬೇಕು, ತಾಯಂದಿರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಬೇಕು. ಹದಿನಾಲ್ಕು ವರ್ಷ ಅದನ್ನೇ ಮಾಡಿದ ಮೇಲೆ ಒಂದು ದಿನ ರಿಜಿಸ್ಟರನ್ನು ಧಪ್ಪೆಂದು ಮುಚ್ಚಿದರು.

“ಮಾಮಾ, ಇದು ಮನುಷ್ಯರು ಮಾಡೋ ಕೆಲ್ಸ ಅಲ್ಲ. ಕಂಪ್ಯೂಟರ್ ಮಾಡ್ಬೇಕು.”

“ಕಂಪ್ಯೂಟರಿಗೆ ಹೇಳ್ಕೊಡೋರು ಯಾರು?”

“ನಾನೇ.”

ಆಗ ಅವರಿಗೆ ನಲವತ್ತು. ನಾನು ನಕ್ಕೆ. ನಕ್ಕದ್ದಕ್ಕೆ ಶಿಕ್ಷೆಯೂ ಆಯಿತು. ಅವರ ಮನೆಯಲ್ಲಿ ಕಲಿಯಲು ಜಾಗವೂ ಇಲ್ಲ, ಹೊತ್ತೂ ಇಲ್ಲ. ವಿದ್ಯುತ್ ಸಾಮಾನಿನ ಅಂಗಡಿಯ ಮೇಲಿನ ಎರಡು ಕೋಣೆ, ಶಾಲೆಯ ವ್ಯಾನ್ ಓಡಿಸುವ ಗಂಡ, ಗೋಡೆಗೆ ಒರಗಿ ಜೋರಾಗಿ ಪಾಠ ಒಪ್ಪಿಸುವ ಮಗಳು, ಟಿವಿಯಲ್ಲಿ ಬರುವವರ ಜೊತೆ ಜಗಳವಾಡುವ ಅತ್ತೆ. ಉಳಿದದ್ದು ಆಸ್ಪತ್ರೆಯ ಊಟದ ಹೊತ್ತಿನ ಮುಕ್ಕಾಲು ಗಂಟೆ ಒಂದೇ. ಆ ಹೊತ್ತಿಗೆ ನಾನು ಕಿಟಕಿ ಮುಚ್ಚಿ ಅವರ ಕುರ್ಚಿಯಲ್ಲಿ ಕೂತು ಬಂದವರನ್ನು ಬರೆದುಕೊಳ್ಳಬೇಕು ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ಅವರೇ. ಹತ್ತಿ, ಬ್ಯಾಂಡೇಜು ಇಡುವ ಕೋಣೆಯಲ್ಲಿ ಬಕೆಟ್ ಬೋರಲು ಹಾಕಿ ಕೂತು, ಬಲಗೈಯಲ್ಲಿ ಊಟ, ಎಡಗೈಯಲ್ಲಿ ಲ್ಯಾಪ್‌ಟಾಪಿನ ಗುಂಡಿ, ಹೀಗೆ ಕೋಡ್ ಬರೆಯುವುದನ್ನು ಕಲಿತರು. ಎರಡು ವರ್ಷದಲ್ಲಿ ವೆಬ್ ಆ್ಯಪ್ ಸಿದ್ಧವಾಯಿತು. ಮಗುವಿನ ವಿವರ ಒಂದು ಸಲ ತುಂಬಿದರೆ ಮುಗಿಯಿತು, ಸೂಜಿಯ ದಿನ ಹತ್ತಿರ ಬಂದಾಗ ತಾಯಿಯ ಫೋನಿಗೆ ತಾನಾಗಿಯೇ ಮೆಸೇಜ್ ಹೋಗುತ್ತದೆ. ಆ್ಯಪ್ ಶುರುವಾದ ಮೇಲೂ ಒಂದು ವರ್ಷ ಅವರು ಕಲಿಯುತ್ತಲೇ ಇದ್ದರು, ಊಟದ ಹೊತ್ತಿನ ಕುರ್ಚಿ ನನ್ನದೇ ಆಗಿತ್ತು. ಆ ಆ್ಯಪಿನಲ್ಲಿ ಅರ್ಧ ಪುಣ್ಯ ನನ್ನದು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ.

ಆರು ವರ್ಷ ಅದು ಒಂದೂ ದೂರಿಲ್ಲದೆ ನಡೆಯಿತು. ಹೋದ ತಿಂಗಳು ಒಂದು ಸೋಮವಾರ, ಎರಡು ತೋಳಿನಲ್ಲಿ ಎರಡು ಕೂಸು ಎತ್ತಿಕೊಂಡು ಒಬ್ಬ ತಾಯಿ ಮೇಜಿನ ಮುಂದೆ ನಿಂತರು. ಎರಡು ತಿಂಗಳ ಅವಳಿಗಳು.

“ಅಕ್ಕಾ, ಆರನೇ ವಾರದ ಸೂಜಿಗೆ ಮೆಸೇಜ್ ಒಂದೇ ಬಂತು. ಅದಕ್ಕೇ ಒಂದನ್ನೇ ಕರ್ಕೊಂಡು ಬಂದು ಹಾಕಿಸ್ಕೊಂಡು ಹೋದೆ. ಇನ್ನೊಂದರ ಮೆಸೇಜ್ ಬರ್ಲೇ ಇಲ್ಲ. ಕಾದೂ ಕಾದೂ ನಾನೇ ಬಂದೆ.”

ದೊಡ್ಡ ಡಾಕ್ಟರು ಕೂಸನ್ನು ನೋಡಿ, ಎರಡು ವಾರ ತಡವಾದರೆ ತೊಂದರೆಯಿಲ್ಲ ಎಂದು ಅಂದೇ ಸೂಜಿ ಹಾಕಿದರು. ಆದರೆ ಆಸ್ಪತ್ರೆಯ ಆಡಳಿತ ಈಗ ಅವರ ಸೊಸೆಯದು. ಆಕೆ ಕೆಟ್ಟವರಲ್ಲ. ಮಾತು ಕಡಿಮೆ, ಹೇಳಿದರೆ ಹೇಳಿದ್ದೇ. ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

“ಅಕ್ಕಾ, ಇದು ಮಕ್ಕಳ ವಿಷಯ. ರೆಡಿಮೇಡ್ ಆ್ಯಪ್ ಮಾರೋ ಕಂಪನಿಯವರು ಶನಿವಾರ ಹನ್ನೆರಡು ಗಂಟೆಗೆ ಬರ್ತಾರೆ. ಅಷ್ಟರಲ್ಲಿ ಇದು ಯಾಕಾಯ್ತು ಅಂತ ನೀವು ತೋರಿಸಿದ್ರೆ ಸರಿ. ಇಲ್ದಿದ್ರೆ ನಿಮ್ಮದನ್ನ ನಿಲ್ಲಿಸ್ಬಿಡೋಣ. ನೀವು ಮೊದಲಿನ ಹಾಗೆ ಚೀಟಿ ಕೊಟ್ಕೊಂಡಿರಿ.”

ಬಲಗಿವಿ ಕೆಂಪಾಗಲಿಲ್ಲ, ಬಿಳಿಚಿಕೊಂಡಿತು. ಇಪ್ಪತ್ತೆರಡು ವರ್ಷದಲ್ಲಿ ಆ ಬಣ್ಣವನ್ನು ನಾನು ನೋಡಿರಲಿಲ್ಲ.

ಅಲ್ಲಿಯವರೆಗೆ ಆ್ಯಪಿನಲ್ಲಿ ಏನಾದರೂ ಎಡವಟ್ಟಾದರೆ, ಕೋಡಿನ ನಡುನಡುವೆ ‘ಇಲ್ಲಿಗೆ ಬಂದೆ’, ‘ಅಲ್ಲಿಗೆ ಬಂದೆ’ ಎಂದು ಬರೆಸಿ ನೋಡಿ ಸರಿಮಾಡುವುದು ಅವರ ಪದ್ಧತಿ. ಈ ಸಲ ಹಾಗೆ ನೋಡಿದರೆ ಎಲ್ಲವೂ ಸರಿಯಾಗಿಯೇ ಕಂಡಿತು. ಎರಡು ಕೂಸುಗಳ ವಿವರವೂ ಒಳಗಿದೆ, ಹೊರಗೆ ಹೋಗುವ ಮೆಸೇಜ್ ಮಾತ್ರ ಒಂದೇ. ನಡುವೆ ಎಲ್ಲೋ ಒಂದು ಕೂಸು ಮಾಯ. ಅದಕ್ಕೇ ಡೀಬಗರ್ ಹಾಕಿ ನೋಡುತ್ತೇನೆ ಎಂದರು. ನಾನು ಕಿಟಕಿಯಲ್ಲಿ ತಲೆ ತೂರಿಸಿದೆ.

“ಹಾಗಂದ್ರೆ?”

“ಓಡ್ತಿರೋ ಪ್ರೋಗ್ರಾಮನ್ನ ನಾನು ಹೇಳಿದ ಸಾಲಲ್ಲಿ ನಿಲ್ಸುತ್ತೆ ಮಾಮಾ. ನಿಲ್ಸಿ, ಆ ಗಳಿಗೇಲಿ ಒಳಗೆ ಯಾರ್ಯಾರಿದಾರೆ, ಯಾರ ಹತ್ರ ಏನಿದೆ ಅಂತ ಪಕ್ಕದಲ್ಲಿ ಪಟ್ಟಿ ತೋರಿಸುತ್ತೆ.”

“ಮತ್ತಿನ್ನೇನು, ತೋರಿಸ್ಲಿ.”

“ತೋರಿಸೋಕೆ ಮುಂಚೆನೇ ಆ್ಯಪ್ ಬಿದ್ದೋಗ್ತಿದೆ! ಸುಮ್ನೆ ಓಡಿಸಿದ್ರೆ ಓಡುತ್ತೆ. ಡೀಬಗರ್ ಶುರು ಮಾಡಿ ಓಡಿಸಿದ್ರೆ ಅಲ್ಲೇ ಸತ್ತೋಗುತ್ತೆ.”

ನಮ್ಮಲ್ಲಿಗೆ ಬರುವ ಕೆಲವು ಮಕ್ಕಳೂ ಹಾಗೇ. ಹೊರಗೆ ಬೆಂಚಿನ ಮೇಲೆ ಕುಣಿಯುತ್ತಿರುತ್ತವೆ, ಡಾಕ್ಟರ ಕೋಣೆಯ ಪರದೆ ಸರಿಸಿದೊಡನೆ ಉಸಿರು ಹಿಡಿದು ನೀಲಿಯಾಗುತ್ತವೆ. ಅದನ್ನೇ ಹೇಳಿದೆ. ಅವರು ನಗಲಿಲ್ಲ.

ಮಂಗಳವಾರ ಅವರಿಗೆ ಬಂದ ಅನುಮಾನ, ಅದೇ ಆ್ಯಪಿನ ಎರಡು ಪ್ರತಿಗಳು ಒಟ್ಟಿಗೆ ಓಡುತ್ತಾ ಒಂದೇ ಬಾಗಿಲಿಗೆ ನೂಕಾಡುತ್ತಿರಬಹುದು ಎಂದು. ಹುಡುಕಿ ಒಂದನ್ನು ನಿಲ್ಲಿಸಿದರು. ಡೀಬಗರ್ ಒತ್ತಿದರು. ಬಿತ್ತು. ಬುಧವಾರ ಅನುಮಾನ ಡೀಬಗರ್ ಮೇಲೆಯೇ ಹೋಯಿತು. ಹತ್ತು ದಿನದ ಹಿಂದಷ್ಟೇ ಅದಕ್ಕೆ ಹೊಸ ಅಪ್‌ಡೇಟ್ ಬಂದಿತ್ತಂತೆ. ಅದನ್ನು ತೆಗೆದು ಹಳೆಯದನ್ನು ಹಾಕಿದರು. ಬಿತ್ತು.

“ದರಿದ್ರದ್ದು, ಈ ಡೀಬಗರೇ ಸರಿ ಇಲ್ಲ,” ಎಂದರು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದೆ ನಾನು, ಸುಮ್ಮನಿರಲಾಗದೆ. ಸಂಜೆಯವರೆಗೂ ನನ್ನ ಜೊತೆ ಮಾತಿಲ್ಲ. ಒಂದು ಮಗುವಿಗೆ ಕೆಮ್ಮಿನ ಔಷಧಿ ಬೇಕು ಎಂಬುದನ್ನೂ ಆಯಾ ಕೈಲಿ ಹೇಳಿ ಕಳಿಸಿದರು.

ಇಂಟರ್‌ನೆಟ್ಟಿನಲ್ಲಿ ಇಂಥದ್ದಕ್ಕೆಲ್ಲ ಉತ್ತರ ಹೇಳುವವರು ಇರುತ್ತಾರಂತೆ. ಅಲ್ಲಿ ಕೇಳಿದರೆ ಒಬ್ಬ ಮಹಾಶಯ ‘ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆ’ ಎಂದು ಬರೆದ. ಮಗುವಿಗೆ ಜ್ವರ ಎಂದು ಬಂದವರಿಗೆ ‘ನನಗೆ ಜ್ವರವಿಲ್ಲ’ ಎಂದು ಹೇಳಿ ಕಳಿಸುವ ಡಾಕ್ಟರನ್ನು ನಾನಂತೂ ಕಂಡಿಲ್ಲ. ಮನೆಯಲ್ಲಿ ಅತ್ತೆಯ ಮಾತು ಬೇರೆ. ಅದನ್ನು ಗುರುವಾರ ಬೆಳಿಗ್ಗೆ ಅಕ್ಕನನ್ನು ಆಸ್ಪತ್ರೆಗೆ ಬಿಡಲು ಬಂದು, ವ್ಯಾನಿನಿಂದ ಇಳಿಯುತ್ತಲೇ ನಗುತ್ತಾ ಹೇಳಿದ್ದು ಅಕ್ಕನ ಗಂಡ.

“ನಮ್ಮಮ್ಮ ಹೇಳ್ತಿದಾರೆ, ಹಾಲು ಮುಖ ತಿರುಗಿಸಿದ್ರೆ ಉಕ್ಕುತ್ತೆ, ನೋಡ್ತಾ ನಿಂತ್ರೆ ಉಕ್ಕಲ್ಲ. ನಿಂದು ಮಾತ್ರ ನೋಡಿದ್ರೇನೇ ಬೀಳೋ ಉಲ್ಟಾ ಹಾಲು ಅಂತ!”

ಅಕ್ಕನೂ ನಕ್ಕರು. ಬಾಯಿ ಬಿಟ್ಟು ನಕ್ಕ ಮೇಲೆ ತಲೆ ತಿಳಿಯಾಯಿತೇನೋ, ಅನುಮಾನಪಡುವುದನ್ನು ನಿಲ್ಲಿಸಿ ಆ್ಯಪನ್ನೇ ತುಂಡು ತುಂಡು ಮಾಡಲು ಶುರು ಮಾಡಿದರು. ಆ್ಯಪಿನ ಒಂದೊಂದೇ ಭಾಗವನ್ನು ಬಿಚ್ಚಿಟ್ಟು ಡೀಬಗರ್ ಹಾಕಿ ನೋಡುವುದು. ಬರೀ ಡಾಕ್ಟರ ಪಟ್ಟಿ: ಓಡಿತು. ಲಸಿಕೆಯ ಪಟ್ಟಿ: ಓಡಿತು. ತಾಯಿ ಮಕ್ಕಳ ಪಟ್ಟಿ: ಬಿತ್ತು. ಆ ಪಟ್ಟಿಯಲ್ಲಿ ಅರ್ಧ ತೆಗೆದರು, ಉಳಿದದ್ದರಲ್ಲಿ ಮತ್ತೆ ಅರ್ಧ. ನಡುವೆ ಬಂದವರಿಗೆ ನಂಬರೂ ಕೊಡಬೇಕು, ಅಳುವ ಮಕ್ಕಳಿಗೆ ಗಿಲಕಿಯನ್ನೂ ಆಡಿಸಬೇಕು. ಒಂದು ಕೈಯಲ್ಲಿ ಗಿಲಕಿ ಆಡಿಸುತ್ತಾ ಇನ್ನೊಂದು ಕೈಯಲ್ಲಿ ಆ್ಯಪನ್ನು ಬೀಳಿಸುತ್ತಿದ್ದ ಅವರನ್ನು ನೋಡಿ ಸೊಸೆಯೂ ಒಂದು ಗಳಿಗೆ ನಿಂತು ಹೋದರು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಎರಡೇ ಮನೆ ಉಳಿದವು. ಐದು ವರ್ಷದ ಒಂದು ಹುಡುಗಿ ಮತ್ತು ಅವಳ ತಾಯಿ: ಓಡಿತು. ಅವಳಿಗಳು ಮತ್ತು ಅವರ ತಾಯಿ: ಬಿತ್ತು. ಪಕ್ಕದ ಪಟ್ಟಿಯನ್ನು ಮುಚ್ಚಿಟ್ಟು ಡೀಬಗರ್ ಹಾಕಿದರೆ ಅವಳಿಗಳದೂ ಓಡಿತು.

“ಮಾಮಾ!” ಎಂದು ಕೂಗಿದರು. ನಾನು ಎಣಿಸುತ್ತಿದ್ದ ಮಾತ್ರೆಗಳು ಚೆಲ್ಲಿದವು. “ಶುರು ಮಾಡಿದ್ದಕ್ಕೆ ಬೀಳ್ತಿಲ್ಲ. ಪಟ್ಟಿ ತೋರಿಸೋಕೆ ಹೋಗಿ ಬೀಳ್ತಿದೆ. ಈ ಕೂಸುಗಳಿಗಿನ್ನೂ ಹೆಸರಿಟ್ಟಿಲ್ಲ!”

ಹೆಸರಿಡುವ ಮೊದಲೇ ಸೂಜಿಗೆ ಬರುವ ಕೂಸುಗಳು ನಮ್ಮಲ್ಲಿ ದಂಡಿಯಾಗಿವೆ. ಯಾವ ಹೆಸರು ಎಂದು ಎರಡೂ ಕಡೆಯವರು ಒಪ್ಪುವಷ್ಟರಲ್ಲಿ ಮಗುವಿಗೆ ಹಲ್ಲು ಬಂದಿರುತ್ತದೆ. ಆ್ಯಪ್ ಬರೆದ ಮೊದಲ ತಿಂಗಳಲ್ಲಿ ಅಕ್ಕ, ಒಳಗಿರುವ ಪ್ರತಿಯೊಬ್ಬರೂ ಕೇಳಿದರೆ ತಮ್ಮ ಗುರುತು ಹೇಳಬೇಕು ಎಂದು ನಾಲ್ಕು ಸಾಲು ಬರೆದಿದ್ದರು. ಮೇಜಿನಲ್ಲಿ ಕೂತು ಬಂದ ರೂಢಿಯಂತೆಯೇ ಬರೆದಿದ್ದರು. ನಮಗೆ ಯಾವ ತಾಯಿಯೂ ಅವಳ ಹೆಸರಿನಿಂದ ಗೊತ್ತಿಲ್ಲ, ಇಂಥ ಮಗುವಿನ ಅಮ್ಮ ಎಂದೇ ಗೊತ್ತು. ಹೆಸರಿಡದ ಕೂಸಂತೂ ಇಂಥ ಅಮ್ಮನ ಮಗು.

“ಈಗ ನೋಡಿ ಮಾಮಾ. ಪಟ್ಟಿ ಮಾಡೋಕೆ ಡೀಬಗರ್ ಕೂಸನ್ನ ಕೇಳುತ್ತೆ, ನೀನ್ಯಾರಪ್ಪಾ? ನಾನು ನಮ್ಮಮ್ಮನ ಮಗು. ನಿಮ್ಮಮ್ಮ ಯಾರು? ಅಮ್ಮ ಹೇಳ್ತಾಳೆ, ನಾನು ಈ ಕೂಸಿನ ತಾಯಿ. ಯಾವ ಕೂಸು? ಅಮ್ಮನ ಮಗು. ಯಾವಮ್ಮ? ಈ ಕೂಸಿನ ತಾಯಿ...”

“ಸಾಕು ಸಾಕು, ತಲೆ ತಿರುಗುತ್ತೆ.”

“ಅದಕ್ಕೂ ತಲೆ ತಿರುಗಿಯೇ ಬೀಳ್ತಿರೋದು! ಸಾವಿರಾರು ಸಲ ಸುತ್ತಿ ಸುತ್ತಿ, ಜಾಗ ಸಾಲದೆ.”

“ಮತ್ತೆ ಸುಮ್ನೆ ಓಡೋವಾಗ?”

“ಸುಮ್ನೆ ಓಡೋವಾಗ ಯಾರೂ ಯಾರನ್ನೂ ಕೇಳೋದಿಲ್ಲ. ಮೆಸೇಜಿಗೆ ಫೋನ್ ನಂಬರ್ ಸಾಕು. ಆರು ವರ್ಷದಿಂದ ಈ ಹೊಂಡ ಬಾಯಿ ತೆರ್ಕೊಂಡೇ ಕೂತಿದೆ, ಆ ದಾರೀಲಿ ಯಾರೂ ನಡೆದಿಲ್ಲ ಅಷ್ಟೆ.”

ಹೇಳುತ್ತಾ ಹೇಳುತ್ತಾ ಅವರಿಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಹೆಸರಿಡದ ಕೂಸು ತನ್ನ ದಾಖಲೆಯ ನಂಬರ್ ಹೇಳಿದರೆ ಸಾಕು ಎಂದು ಒಂದು ಸಾಲು ಬದಲಿಸಿದರು. ಡೀಬಗರ್ ಒತ್ತಿದರು. ಬೀಳಲಿಲ್ಲ. ಇನ್ನೊಮ್ಮೆ ಒತ್ತಿದರು, ಬೀಳಲಿಲ್ಲ. ನಾಲ್ಕು ದಿನ ಬಿದ್ದದ್ದು ಬೀಳದೆ ನಿಂತದ್ದನ್ನು ನೋಡಲು ಮೂರನೆಯ ಸಲವೂ ಒತ್ತಿದರು. ಆದರೆ ಇದು ಹುಡುಕುವ ದೀಪ ಹತ್ತಿದಂತಾಯಿತೇ ಹೊರತು ಕಳೆದ ಕೂಸು ಸಿಕ್ಕಿರಲಿಲ್ಲ. ಅಷ್ಟರಲ್ಲಿ ಸಂಜೆಯ ಮಕ್ಕಳ ಸಾಲು ಬಾಗಿಲಾಚೆಗೂ ಬೆಳೆದಿತ್ತು.

ಶನಿವಾರ ಕಂಪನಿಯವನು ಅರ್ಧ ಗಂಟೆ ಮೊದಲೇ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಸೊಸೆ ಅವನನ್ನು ಕರೆದುಕೊಂಡು ಮೇಜಿನ ಹತ್ತಿರ ಬಂದರು.

“ಸಿಕ್ತಾ ಅಕ್ಕಾ?”

“ಇಲ್ಲೇ ನಿಂತ್ಕೊಳಿ, ನಿಮ್ಮೆದುರಿಗೇ ಹುಡುಕ್ತೀನಿ,” ಎಂದರು ಅಕ್ಕ. ಎದೆಗಾರಿಕೆ ಎಂದರೆ ಅದು. ನಾನು ಕಿಟಕಿ ಮುಚ್ಚಿ ಹೊರಗೆ ಬಂದು ಅವರ ಕುರ್ಚಿಯ ಹಿಂದೆ ನಿಂತೆ.

ಡೀಬಗರ್ ಶುರುವಾಯಿತು. ಪಕ್ಕದ ಪಟ್ಟಿಯಲ್ಲಿ ಎರಡು ಕೂಸು, ಎರಡು ನಂಬರ್. ಒಂದು ಸಾಲು ಮುಂದೆ: ಎರಡು. ಇನ್ನೊಂದು ಸಾಲು: ಎರಡು. ಅಕ್ಕನ ಬೆರಳು ಒಂದೇ ಗುಂಡಿಯ ಮೇಲೆ ಮೆಲ್ಲಗೆ ಬೀಳುತ್ತಿತ್ತು. ಒಂಬತ್ತನೆಯದೋ ಹತ್ತನೆಯದೋ ಸಾಲು ದಾಟಿದಾಗ ಪಟ್ಟಿಯಲ್ಲಿ ಒಂದೇ ಕೂಸು ಉಳಿಯಿತು.

ಆ ಸಾಲಿನ ತಲೆಯ ಮೇಲೆ ಅಕ್ಕನೇ ಬರೆದುಕೊಂಡಿದ್ದ ಟಿಪ್ಪಣಿ ಇತ್ತು. ‘ಒಂದೇ ತಾಯಿ, ಒಂದೇ ಹುಟ್ಟಿದ ದಿನ, ಒಂದೇ ಹೆಸರು ಇದ್ದರೆ ಅದು ಎರಡು ಸಲ ತುಂಬಿದ ಒಂದೇ ಮಗು. ಒಂದನ್ನು ಬಿಡು. ಊಟದ ಹೊತ್ತು.’

ಸೊಸೆಗೆ ತಕ್ಷಣ ಹೊಳೆಯಿತು. “ಎರಡಕ್ಕೂ ಹೆಸರಿಲ್ಲ. ಖಾಲಿಗೆ ಖಾಲಿ ಒಂದೇ ಅಂತ ತಿಳ್ಕೊಂಡು ಒಂದನ್ನ ಬಿಟ್ಟಿದೆ. ಅಲ್ವಾ?”

“ಹೌದು. ತಪ್ಪು ನನ್ನದೇ. ಅವಳಿಗಳ ಯೋಚನೆ ನನಗೆ ಬರ್ಲಿಲ್ಲ.”

“ಈ ‘ಊಟದ ಹೊತ್ತು’ ಅಂದ್ರೆ?”

“ಏನೋ ಗುರುತಿಗೆ ಬರ್ಕೊಂಡಿದ್ದು,” ಎಂದರು ಅಕ್ಕ, ನನ್ನ ಕಡೆ ತಿರುಗದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಲ್ಲಿ ನನ್ನನ್ನು ಯಾರೂ ಕಳ್ಳ ಎಂದಿರಲಿಲ್ಲ, ಆದರೂ ಕೈ ಹೆಗಲಿಗೆ ಹೋಯಿತು. ಊಟದ ಹೊತ್ತಿನಲ್ಲಿ ಆ ಕುರ್ಚಿಯಲ್ಲಿ ಕೂರುತ್ತಿದ್ದವನು ನಾನು. ವಿವರ ತುಂಬಿ ಗುಂಡಿ ಒತ್ತಿದರೆ ಪರದೆ ಒಂದು ಗಳಿಗೆ ಸುಮ್ಮನಿರುತ್ತದೆ. ನನ್ನ ಬೆರಳಿಗೆ ಅಷ್ಟು ತಾಳ್ಮೆಯಿಲ್ಲ, ಇನ್ನೊಂದು ಸಲ ಒತ್ತುತ್ತಿದ್ದೆ. ಒಂದೊಂದು ಸಲ ಮೂರು. ಹಾಗೆ ಒಂದು ಮಗು ಎರಡಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆರು ವರ್ಷದಿಂದ ಅರ್ಧ ಪುಣ್ಯ ನನ್ನದು ಎಂದು ಊರೆಲ್ಲ ಸಾರುತ್ತಿದ್ದೇನೆ. ಅವರು ನನ್ನ ಎಡವಟ್ಟನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು, ಅದನ್ನು ಒರೆಸಲು ಒಂದು ಸಾಲು ಬರೆದು, ಈಗ ಆ ಸಾಲಿಗಾಗಿ ತಾವು ಕಟ್ಟಿದ್ದನ್ನೇ ಕಳೆದುಕೊಳ್ಳಲು ಕೂತಿದ್ದಾರೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

“ಆ ಊಟದ ಹೊತ್ತು ನಾನೇ,” ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಯಿತು, ಬೆಂಚಿನ ಮೇಲಿದ್ದ ಒಂದು ಕೂಸು ಬೆಚ್ಚಿತು. ಗುಂಡಿಯ ಕಥೆಯನ್ನೆಲ್ಲ ಹೇಳಿದೆ.

ಸೊಸೆ ನನ್ನನ್ನೂ ನೋಡಿದರು, ಅಕ್ಕನನ್ನೂ ನೋಡಿದರು. ಆಮೇಲೆ ಕಂಪನಿಯವನ ಕಡೆ ತಿರುಗಿದರು.

“ನಿಮ್ಮ ಆ್ಯಪಲ್ಲಿ ಹೆಸರಿಡದ ಅವಳಿಗಳು ಬಂದ್ರೆ ಏನಾಗುತ್ತೆ?”

“ಅದು... ಕೇಳಿ ಹೇಳ್ತೀನಿ ಮೇಡಂ.”

“ಯಾರನ್ನ ಕೇಳ್ತೀರಿ?”

“ನಮ್ಮ ಆಫೀಸಲ್ಲಿ ಕೇಳ್ಬೇಕು. ಬರೆದೋರು ಯಾರು ಅಂತ ನನಗೂ ಗೊತ್ತಿಲ್ಲ.”

“ನಮ್ಮದನ್ನ ಬರೆದೋರು ಇಲ್ಲೇ ಕೂತಿದಾರೆ. ಕೇಳಿದ್ರೆ ತಪ್ಪು ನನ್ನದು ಅಂತಾರೆ. ಪಕ್ಕದಲ್ಲಿ ನಿಂತೋರು ಅಲ್ಲ, ನಂದು ಅಂತಾರೆ,” ಎಂದರು ಸೊಸೆ. “ನೀವು ಬಂದಿದ್ದಕ್ಕೆ ಥ್ಯಾಂಕ್ಸ್. ನಮಗೆ ಇದೇ ಇರ್ಲಿ.”

ಅವನು ಹೋದ ಮೇಲೆ ಅಕ್ಕ ಆ ಸಾಲನ್ನು ಅಳಿಸಿದರು. ಹೆಸರಿಡದ ಅವಳಿಗಳು ಇನ್ನೆಷ್ಟಿವೆ ಎಂದು ಹುಡುಕಿದಾಗ ಇನ್ನೂ ನಾಲ್ಕು ಮನೆ ಸಿಕ್ಕವು. ಮೆಸೇಜ್ ಬೇಡ, ಬಾಯಲ್ಲೇ ಹೇಳೋಣ ಎಂದು ಇಬ್ಬರೂ ಫೋನ್ ಹಿಡಿದು ಕೂತೆವು. ಎರಡು ಮನೆಯವರು ಮೆಸೇಜ್ ಒಂದೇ ಬಂದರೂ ಎರಡನ್ನೂ ಕರೆತಂದು ಹಾಕಿಸಿಕೊಂಡು ಹೋಗಿದ್ದರು. ನಮಗಿಂತ ಜಾಣರು. ಮೂರನೆಯ ನಂಬರ್ ಒತ್ತಿ, ಅದು ರಿಂಗ್ ಆಗುತ್ತಿರುವಾಗ ನಾನು ಕೇಳಿಯೇ ಬಿಟ್ಟೆ.

“ಅಲ್ಲ ಅಕ್ಕಾ, ಅವತ್ತೇ ನನಗೆ ಹೇಳ್ಬಹುದಿತ್ತಲ್ಲ? ಗುಂಡಿ ಒಂದೇ ಸಲ ಒತ್ತೋ ಮಾರಾಯಾ ಅಂತ?”

ಅವರು ಪಟ್ಟಿಯಿಂದ ಕಣ್ಣೆತ್ತಿ ನನ್ನ ಕಡೆ ಪೂರ್ತಿ ತಿರುಗಿದರು.

“ಹೇಳಿದ್ರೆ ನೀವು ನೊಂದ್ಕೊಂಡು ಕುರ್ಚಿ ಬಿಟ್ಟು ಎದ್ದುಬಿಡ್ತಿದ್ರಿ ಮಾಮಾ. ಆ ತಪ್ಪು ಸರಿಮಾಡೋಕೆ ನನಗೆ ಒಂದು ಸಾಲು ಸಾಕಾಗಿತ್ತು. ದಿನಾ ಮುಕ್ಕಾಲು ಗಂಟೆ ನನ್ನ ಜಾಗದಲ್ಲಿ ಕೂತು ನೀನು ಹೋಗಿ ಕಲಿ ಅನ್ನೋರನ್ನ ಎಲ್ಲಿಂದ ತರ್ತಿದ್ದೆ?”

ನನಗೆ ಅಳು ಬಂತು. ಐವತ್ತೊಂಬತ್ತು ವರ್ಷದ ಗಂಡಸು, ಬೆಂಚಿನ ತುಂಬ ಕೂತಿದ್ದ ಮಕ್ಕಳ ಎದುರಿಗೆ. ಅಷ್ಟರಲ್ಲಿ ಆ ಕಡೆಯ ತಾಯಿ ಫೋನ್ ಎತ್ತಿದರು. ನಾನು ಫೋನನ್ನು ಅಕ್ಕನ ಕೈಗೆ ಕೊಟ್ಟುಬಿಟ್ಟೆ.